ಪದಚರ್ಚೆ: ಗ್ರಂಥಾಲಯದ ‘ಡೇಟಾಬೇಸ್’ಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಕನ್ನಡದಲ್ಲಿ ಪಿಎಚ್.ಡಿ. ಮಾಡುವವರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಗ್ರಂಥಾಲಯಗಳು ಓದುಗರಿಗೆ ಒದಗಿಸುವ ಡೇಟಾಬೇಸ್‌ಗಳನ್ನೂ ಗೂಗಲ್‌ನಂಥ ಸರ್ಚ್ ಎಂಜಿನ್‌ಗಳನ್ನೂ ಅದರಲ್ಲಿ ‘ಅಂತರ್ಜಾಲ ಮೂಲಗಳು’ ಎಂದು ಒಂದೇ ಕಟ್ಟಿಗೆ ಸೇರಿಸಲಾಗಿದೆ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ.

ಪಬ್‌ಮೆಡ್‌ ಅನ್ನೇ ನೋಡಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1996ರಿಂದ ನಡೆಸುತ್ತಿರುವ ವೈದ್ಯಕೀಯ ಲೇಖನಗಳ ಡೇಟಾಬೇಸ್ ಇದು. ಅಲ್ಲಿ ‘ಹಾರ್ಟ್ ಅಟ್ಯಾಕ್’ ಎಂದು ಇಂಗ್ಲಿಷಿನಲ್ಲಿ ಕೊಟ್ಟರೆ, ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬ ಅದರ ವೈದ್ಯಕೀಯ ಹೆಸರನ್ನು ಮಾತ್ರ ಬರೆದಿರುವ ಲೇಖನಗಳೂ ಎದುರಿಗೆ ಬರುತ್ತವೆ. ‘ಮೆಶ್’ ಎಂಬ ವಿಷಯಪದಗಳ ಪಟ್ಟಿ ಎರಡನ್ನೂ ಒಂದೇ ಶೀರ್ಷಿಕೆಗೆ ಜೋಡಿಸಿರುವುದೇ ಇದಕ್ಕೆ ಕಾರಣ. ಬಳಸಿದ ಪದಗಳನ್ನೂ ಹುಡುಕಿದ ದಿನಾಂಕವನ್ನೂ ಪ್ರಬಂಧದಲ್ಲಿ ಬರೆದಿಟ್ಟರೆ ಮಾರ್ಗದರ್ಶಕರು ಅದೇ ಹಾದಿಯಲ್ಲಿ ಹೋಗಿ ಪರೀಕ್ಷಿಸಬಹುದು. ಗೂಗಲ್‌ನಲ್ಲಿ ಇದು ಕಷ್ಟ: ಹುಡುಕುವವರ ಊರು, ಭಾಷೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ವಿದ್ವತ್ ಬರಹಗಳನ್ನೇ ಹುಡುಕುತ್ತದೆ, ನಿಜ. ಆದರೆ ಅಲ್ಲಿಯೂ ಆಯ್ಕೆ ಯಂತ್ರದ್ದೇ.

ಮೆಶ್‌ನಂಥ ಪಟ್ಟಿ ಇಲ್ಲದ ಕೊರತೆ ಕನ್ನಡದ ವಿದ್ಯಾರ್ಥಿಗೆ ಬೇಗ ತಟ್ಟುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ, ಪಿಎಚ್.ಡಿ. ಪ್ರಬಂಧಗಳ ಸಂಗ್ರಹವಾದ ಶೋಧಗಂಗಾದಲ್ಲಿ. ಕನ್ನಡ ಪ್ರಬಂಧಗಳ ಶೀರ್ಷಿಕೆಗಳು ಅಲ್ಲಿ ಕೆಲವು ಕನ್ನಡ ಲಿಪಿಯಲ್ಲಿ, ಕೆಲವು ರೋಮನ್ ಲಿಪಿಯಲ್ಲಿ ಇವೆ. ‘ವೀರಗಲ್ಲು’ ಎಂದು ಒಂದೇ ಬಗೆಯಲ್ಲಿ ಹುಡುಕಿ ಕೈಬಿಟ್ಟರೆ, ತನ್ನ ವಿಷಯದ ಮೇಲೆ ಆಗಲೇ ನಡೆದಿರುವ ಕೆಲಸ ಕಣ್ತಪ್ಪಬಹುದು. ನಮಗೂ ಮೆಶ್‌ನಂಥ ಒಂದು ವಿಷಯಪದಗಳ ಪಟ್ಟಿ ತುರ್ತಾಗಿ ಬೇಕು. ಅದು ಬೇರೆಯೇ ಚರ್ಚೆ.

ಈಗ ಪದಗಳ ವಿಚಾರ. ಸರ್ಚ್ ಎಂಜಿನ್‌ಗೆ ‘ಶೋಧಯಂತ್ರ’, ‘ಹುಡುಕುತಾಣ’ ಎರಡೂ ಬಳಕೆಯಲ್ಲಿವೆ. ಕಷಾಯವನ್ನು ಬಟ್ಟೆಯಲ್ಲಿ ಶೋಧಿಸು ಎನ್ನುತ್ತೇವೆ. ‘ಶೋಧಿಸು’ ಎಂಬುದಕ್ಕೆ ಸೋಸು, ಶುದ್ಧಮಾಡು ಎಂಬ ಅರ್ಥವೂ ಇದೆ. ವಿದ್ವತ್ ಪತ್ರಿಕೆ, ಜಾಹೀರಾತು, ಯಾರದೋ ಅನಿಸಿಕೆ ಎಲ್ಲವನ್ನೂ ಒಟ್ಟಿಗೆ ತಂದು ಸುರಿಯುವ ಸಾಧನಕ್ಕೆ ಆ ಹೆಸರು ಹೆಚ್ಚಾಯಿತು. ಆದ್ದರಿಂದ ‘ಹುಡುಕುತಾಣ’ವನ್ನೇ ಉಳಿಸಿಕೊಂಡಿದ್ದೇನೆ.

ಸಿಕ್ಕಿಹಾಕಿಕೊಂಡಿರುವುದು ಡೇಟಾಬೇಸ್‌ನಲ್ಲಿ. ‘ದತ್ತಸಂಚಯ’ ಬ್ಯಾಂಕಿನ ಖಾತೆಗಳ ಕಡತಕ್ಕೂ ಸಲ್ಲುತ್ತದೆ. ಆರಿಸಿ, ವಿಷಯವಾರು ಹೊಂದಿಸಿಟ್ಟದ್ದು ಎಂಬ ಭಾವ ಅದರಲ್ಲಿಲ್ಲ. ‘ಲೇಖನಸೂಚಿ’ ಎಂದರೆ ಪೂರ್ಣ ಲೇಖನಗಳನ್ನೇ ಇಟ್ಟಿರುವ ಜೆಸ್ಟೋರ್‌ನಂಥವು ಹೊರಗುಳಿಯುತ್ತವೆ. ‘ಸೂಚೀಕೋಶ’ ಎಂದು ಬರೆದು ನೋಡಿದ್ದೇನೆ. ಸೂಚಿಯೂ ಸಂಗ್ರಹವೂ ಅದರಲ್ಲಿ ಕೂಡಿವೆ.

ಗ್ರಂಥಾಲಯ ವಿಜ್ಞಾನವನ್ನು ಕನ್ನಡದಲ್ಲಿ ಪಾಠ ಮಾಡುವವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ತರಗತಿಯಲ್ಲಿ ನೀವು ಯಾವ ಪದವನ್ನು ಬಳಸುತ್ತೀರಿ? ‘ಸೂಚೀಕೋಶ’ ಎಂದರೆ ವಿದ್ಯಾರ್ಥಿಗಳಿಗೆ ಅರ್ಥವಾದೀತೇ, ಅಥವಾ ‘ಡೇಟಾಬೇಸ್’ ಎಂದೇ ಬಿಟ್ಟು ಮೊದಲ ಬಾರಿ ಬಂದಲ್ಲಿ ವಿವರಿಸುವುದು ಮೇಲೇ?