ಆಟ ನಮ್ಮ ಕೈಯಿಂದ ಏನು ಮಾಡಿಸಿತು?

ಸರಸ್ವತಿಪುರಂ ಆಟಗಾರ:
ಕನ್ನಡದಲ್ಲಿ ವಿಡಿಯೋ ಗೇಮ್‌ಗಳ ಬಗ್ಗೆ ಮಾತನಾಡುವವರು ಹೆಚ್ಚಾಗಿದ್ದಾರೆ, ಅದು ಸಂತೋಷವೇ. ಆದರೆ ಗ್ರಾಫಿಕ್ಸ್ ಹೇಗಿದೆ, ಎಷ್ಟು ಗಂಟೆ ಆಡಬಹುದು, ಹತ್ತಕ್ಕೆ ಎಷ್ಟು ಅಂಕ ಎನ್ನುವಲ್ಲಿಗೆ ಮಾತು ಮುಗಿದುಹೋಗುತ್ತದೆ. ಆಟ ನಮ್ಮ ಕೈಯಿಂದ ಏನು ಮಾಡಿಸಿತು ಎಂದು ಹೇಳದಿದ್ದರೆ ಅದನ್ನು ವಿಮರ್ಶೆ ಎಂದು ನಾನು ಒಪ್ಪುವುದಿಲ್ಲ. 2005ರಲ್ಲಿ ಬಂದ ‘ಶ್ಯಾಡೋ ಆಫ್ ದಿ ಕೊಲಾಸಸ್’ ನೋಡಿ. ಸತ್ತ ಹುಡುಗಿಯನ್ನು ಬದುಕಿಸಿಕೊಳ್ಳಲು ನಾಯಕ ಹದಿನಾರು ದೈತ್ಯಜೀವಿಗಳನ್ನು ಕೊಲ್ಲಬೇಕು. ಅವುಗಳ ರೋಮ ಹಿಡಿದು ಮೇಲೆ ಹತ್ತುವಷ್ಟು ಹೊತ್ತೂ ಒಂದು ಗುಂಡಿಯನ್ನು ಒತ್ತಿಯೇ ಹಿಡಿದಿರಬೇಕು, ಬೆರಳು ಸಡಿಲವಾದರೆ ಕೆಳಗೆ ಬೀಳುತ್ತೇವೆ. ಹದಿಮೂರನೆಯದು ಮರಳುಗಾಡಿನ ಮೇಲೆ ಹಾರಾಡಿಕೊಂಡಿರುತ್ತದೆ. ಅದು ಒಮ್ಮೆಯೂ ನಮ್ಮ ಮೇಲೆ ಎರಗುವುದಿಲ್ಲ. ಆದರೂ ಬಾಣ ಬಿಟ್ಟು ಕೆಳಗಿಳಿಸಿ ಕೊಂದೆ. ಅದು ಬಿದ್ದಾಗ ಕೇಳಿಸಿದ್ದು ಶೋಕದ ಸಂಗೀತ. ನೋಯುತ್ತಿದ್ದ ಬೆರಳನ್ನು ಉಜ್ಜಿಕೊಳ್ಳುತ್ತಾ ಬಹಳ ಹೊತ್ತು ಕುಳಿತಿದ್ದೆ. ಇದಕ್ಕೆ ಎಷ್ಟು ಅಂಕ ಕೊಡುವುದು?

ಮಂಡ್ಯ ಪೇಟೆಬೀದಿ:
ಅಣ್ಣ, ಅದೇ ಆಟದಲ್ಲಿ ಪರದೆಯ ನೋಟ ತೋರಿಸುವ ಕ್ಯಾಮೆರಾ ಬೇಡದ ಕಡೆಗೆ ತಿರುಗುತ್ತದೆ, ನಾಯಕನ ಕುದುರೆ ನಾವು ಹೇಳಿದ ಮಾತು ಕೇಳುವುದಿಲ್ಲ. ಅದನ್ನು ನೀವು ಹೇಳಲೇ ಇಲ್ಲ. ನಾನು ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುವವನು. ದೊಡ್ಡ ಹೊಸ ಗೇಮ್ ಒಂದಕ್ಕೆ ನಾಲ್ಕೈದು ಸಾವಿರ ರೂಪಾಯಿ. ಒಮ್ಮೆ ಹಾಗೆ ಕೊಂಡದ್ದು ಅರ್ಧ ದಾರಿಯಲ್ಲಿ ಪದೇ ಪದೇ ನಿಂತುಹೋಗಿ ಕೊನೆಗೂ ಮುಗಿಯಲಿಲ್ಲ. ಅದನ್ನು ಹೊಗಳಿ ಬರೆದವರೆಲ್ಲ ಕಥೆಯ ಆಳದ ಬಗ್ಗೆಯೇ ಬರೆದಿದ್ದರು. ಗಂಟೆ ಮತ್ತು ಅಂಕ ಕೇಳುವುದು ನನ್ನಂಥವನಿಗೆ ಅಲ್ಪತನವಲ್ಲ, ಅಗತ್ಯ.

ಅಗ್ರಹಾರದ ನಿವೃತ್ತ ಶಿಕ್ಷಕಿ:
ನಾನು ಕಂಟ್ರೋಲರ್ ಹಿಡಿದವಳಲ್ಲ. ಮೊಮ್ಮಗ ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಆದರೆ ಆಟದ ನಿಯಮವೇ ಮಾತನಾಡುತ್ತದೆ ಎನ್ನುವುದು ನಮಗೆ ಹೊಸದೇನಲ್ಲ. ನಮ್ಮ ಮೈಸೂರು ಮುಮ್ಮಡಿ ಕೃಷ್ಣರಾಜ ಒಡೆಯರಂಥ ದೊರೆ ತಾವೇ ಕುಳಿತು ಹೊಸ ಹಾಸಿನಾಟಗಳನ್ನು ರಚಿಸಿದ ಊರು. ಚೌಕಾಬಾರವನ್ನೇ ತೆಗೆದುಕೊಳ್ಳಿ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ನಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ನಮ್ಮ ಅಜ್ಜಿಗೆ ನನ್ನ ಕಾಯಿ ಕಡಿಯಲು ಮನಸ್ಸೇ ಬರುತ್ತಿರಲಿಲ್ಲ. ಕವಡೆಯಲ್ಲಿ ಸರಿಯಾದ ಗರ ಬಿದ್ದರೂ ಬೇರೆ ಕಾಯಿ ನಡೆಸಿ, ಹೊರಸುತ್ತಿನಲ್ಲೇ ತಿರುಗಿ ತಿರುಗಿ ಸೋಲುತ್ತಿದ್ದರು. ಹದಿಮೂರನೆಯ ಜೀವಿಯ ವಿಷಯ ಓದಿದಾಗ ನನಗೆ ಆ ಕೈ ಕಣ್ಣಮುಂದೆ ಬಂತು. ನಿಮ್ಮ ಆಟದಲ್ಲಿ ಹಾಗೆ ಸೋಲುವ ಅವಕಾಶವಾದರೂ ಇದೆಯೇ?

ಸರಸ್ವತಿಪುರಂ ಆಟಗಾರ:
ಇಲ್ಲ ಮೇಡಂ. ಕೊಲ್ಲಬೇಕು, ಇಲ್ಲವೇ ಆಡುವುದನ್ನೇ ನಿಲ್ಲಿಸಬೇಕು. ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ.

ಮಂಡ್ಯ ಪೇಟೆಬೀದಿ:
ಅಮ್ಮ, ಚೌಕಾಬಾರಕ್ಕೆ ಸೀಮೆಸುಣ್ಣ, ನಾಲ್ಕು ಕವಡೆ ಇದ್ದರೆ ಸಾಕು. ಇಲ್ಲಿ ದುಡ್ಡು ಮೊದಲೇ ಹೋಗಿರುತ್ತದೆ.

ಕೌಂಟರ್ ಗುಮಾಸ್ತ, ಮಂಡ್ಯ:
ದುಡ್ಡಿನ ಮಾತು ನಿಜ. ಆದರೆ ಎಂಟೋ ಹತ್ತೋ ಗಂಟೆಯ ಚಿಕ್ಕ ಆಟವೊಂದು ನನಗೆ ಮಾಡಿದ್ದನ್ನು ಹೇಳಲೇಬೇಕು. ‘ಪೇಪರ್ಸ್, ಪ್ಲೀಸ್’, 2013ರದ್ದು, ಲೂಕಸ್ ಪೋಪ್ ಎಂಬುವರು ಹೆಚ್ಚುಕಡಿಮೆ ಒಬ್ಬರೇ ಮಾಡಿದ್ದು. ನಾವು ಕಲ್ಪಿತ ದೇಶವೊಂದರ ಗಡಿಯಲ್ಲಿ ಕಾಗದಪತ್ರ ತಪಾಸಣೆ ಮಾಡುವವರು. ಮೇಜು ಎಷ್ಟು ಇಕ್ಕಟ್ಟೆಂದರೆ ಪಾಸ್‌ಪೋರ್ಟಿನ ಮೇಲೆ ಪರವಾನಗಿ, ಅದರ ಮೇಲೆ ನಿಯಮಪುಸ್ತಕ ಬಿದ್ದು ಒಂದನ್ನು ಸರಿಸಿದರೆ ಇನ್ನೊಂದು ಮುಚ್ಚಿಹೋಗುತ್ತದೆ. ಸಂಬಳ ತಲೆ ಲೆಕ್ಕದಲ್ಲಿ. ರಾತ್ರಿ ಮನೆ ಬಾಡಿಗೆ, ಊಟ, ಚಳಿಗೆ ಬೆಂಕಿ ಎಲ್ಲವೂ ಆ ಹಣದಲ್ಲೇ ಆಗಬೇಕು. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆಯ ಚೀಟಿ, ಮೂರನೆಯದಕ್ಕೆ ದಂಡ.

ನಾನು ಹಗಲಿಡೀ ಕೌಂಟರಿನ ಈಚೆ ಕುಳಿತು ಅರ್ಜಿ ತೆಗೆದುಕೊಳ್ಳುವವನು. ಒಂದು ಜೆರಾಕ್ಸ್ ಕಡಿಮೆ ಇದ್ದರೆ “ನಾಳೆ ತನ್ನಿ” ಎನ್ನುವುದು ಬಾಯಿಗೆ ತಾನಾಗಿ ಬರುತ್ತದೆ. ಆಟದಲ್ಲಿ ಒಬ್ಬ ಗಂಡಸು ಬರುತ್ತಾನೆ, ಅವನ ಕಾಗದ ಸರಿಯಿದೆ. ಹಿಂದೆಯೇ ನನ್ನ ಹೆಂಡತಿ ಬರುತ್ತಿದ್ದಾಳೆ, ದಯೆಯಿರಲಿ ಎಂದು ಕೇಳಿಕೊಂಡು ಒಳಗೆ ಹೋಗುತ್ತಾನೆ. ಅವಳ ಹತ್ತಿರ ಪ್ರವೇಶದ ಪರವಾನಗಿ ಇಲ್ಲ. ವಾಪಸು ಹೋದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ಗಡಿಯಾರ ಓಡುತ್ತಿರುತ್ತದೆ, ಹಿಂದೆ ಸಾಲು ನಿಂತಿರುತ್ತದೆ. ಇದನ್ನು ಯಾರಾದರೂ ಭಾಷಣದಲ್ಲಿ ಹೇಳಿದ್ದರೆ ತಲೆಯಾಡಿಸಿ ಮರೆಯುತ್ತಿದ್ದೆ. ಇಲ್ಲಿ ಮುದ್ರೆ ಇದ್ದದ್ದು ನನ್ನ ಕೈಯಲ್ಲಿ. ಆದ್ದರಿಂದ ಅಣ್ಣನ ಮಾತಿಗೇ ನನ್ನ ಒಪ್ಪಿಗೆ.

ಮಂಡ್ಯ ಪೇಟೆಬೀದಿ:
ಸರ್, ನೀವು ಮೇಜಿನ ಇಕ್ಕಟ್ಟನ್ನೂ ಹೇಳಿದಿರಿ, ಎಷ್ಟು ಗಂಟೆಯ ಆಟ ಎಂದೂ ಹೇಳಿದಿರಿ. ಇಂಥ ವಿಮರ್ಶೆ ಬಂದರೆ ನನ್ನದೇನೂ ತಕರಾರಿಲ್ಲ. ಇಕ್ಕಟ್ಟು ಆಟಕ್ಕೆ ಬೇಕಾಗಿದ್ದೋ, ಮಾಡಿದವರ ಕೈತಪ್ಪೋ ಎಂದು ಬಿಡಿಸಿ ಹೇಳಬೇಕು, ಅಷ್ಟೇ. ಆ ಕುದುರೆಯ ವಿಷಯದಲ್ಲಿ ಅಣ್ಣ ಇನ್ನೂ ಉತ್ತರ ಕೊಟ್ಟಿಲ್ಲ.

ಸರಸ್ವತಿಪುರಂ ಆಟಗಾರ:
ಕೊಡುತ್ತೇನೆ. ಕುದುರೆ ಜೀವಂತ ಪ್ರಾಣಿ, ತನ್ನ ಬುದ್ಧಿಯಿಂದ ನಡೆಯುತ್ತದೆ. ಕಡಿದಾದ ಜಾಗದಲ್ಲಿ ಲಗಾಮು ಬಿಟ್ಟರೆ ತಾನೇ ದಾರಿ ಹಿಡಿಯುತ್ತದೆ, ಅದು ಬೇಕೆಂದೇ ಮಾಡಿದ್ದು ಎಂದು ನನ್ನ ನಂಬಿಕೆ. ಕ್ಯಾಮೆರಾ ಮಾತ್ರ ದೋಷವೇ. ಆಟದ ಮೇಲಿನ ಪ್ರೀತಿಯಿಂದ ಅದನ್ನು ಬಿಟ್ಟುಬಿಟ್ಟೆ. ಬಿಡಬಾರದಿತ್ತು.

ಅಗ್ರಹಾರದ ನಿವೃತ್ತ ಶಿಕ್ಷಕಿ:
ಗುಮಾಸ್ತರೇ, ಆ ಹೆಂಗಸನ್ನು ಒಳಗೆ ಬಿಟ್ಟಿರಾ?

ಕೌಂಟರ್ ಗುಮಾಸ್ತ, ಮಂಡ್ಯ:
ಮೊದಲ ಸಲ ಬಿಡಲಿಲ್ಲ ಮೇಡಂ. ಅವತ್ತು ಆಗಲೇ ಎರಡು ಚೀಟಿ ಬಂದಿದ್ದವು, ಬಾಡಿಗೆಗೆ ಹಣ ಸಾಲುತ್ತಿರಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಆಡಿ ಹಸಿರು ಮುದ್ರೆ ಒತ್ತಿದೆ. ಆದರೆ ಕೌಂಟರಿನಲ್ಲಿ ಕುಳಿತಾಗ ನೆನಪಾಗುವುದು ಮೊದಲ ಸಲದ್ದೇ.