ಆಕ್ಸಿಯಲ್ ಬಾಲ್ ಜಾಯಿಂಟ್: ‘ಅಕ್ಷೀಯ’ ಬೇಡ, ಮತ್ತೇನು?

ಬಳಗದ ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಒಂದು ವರ್ಕ್‌ಶಾಪಿಗೆ ಅಡಿಕೆ ಸುಲಿಯುವ ಯಂತ್ರದ ಕೈಪಿಡಿ ಬರೆದುಕೊಡುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು. ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಸರಳಿನ ತುದಿಯಲ್ಲಿ ಆಕ್ಸಿಯಲ್ ಬಾಲ್ ಜಾಯಿಂಟ್ ಇದೆ, ಅಂದರೆ ಕಡ್ಡಿಯ ತುದಿಯ ಗುಂಡು ಒಂದು ಗುಳಿಯಲ್ಲಿ ಕೂತು ಎಲ್ಲ ದಿಕ್ಕಿಗೂ ವಾಲುವ ಕೀಲು. ಮೊದಲ ಕರಡಿನಲ್ಲಿ ಅದನ್ನು ‘ಅಕ್ಷೀಯ ಗೋಳ ಕೀಲು’ ಎಂದು ಬರೆದಿದ್ದೆ. ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಅದನ್ನು ಓದಿ ಅಂಗಡಿಯಿಂದ ತಂದದ್ದು ರಾಡ್ ಎಂಡ್, ತುದಿಯಲ್ಲಿ ಕಣ್ಣಿನಂಥ ತೂತಿರುವ ಕೀಲು. ‘ಅಕ್ಷಿ ಅಂದ್ರೆ ಕಣ್ಣಲ್ವಾ, ಅದಕ್ಕೇ ಕಣ್ಣಿರೋದು ತಂದೆ’ ಅಂದರು. ಅವರನ್ನು ತಪ್ಪೆನ್ನಲಾರೆ. ಅಕ್ಷದಿಂದ, ಅಂದರೆ ನಡುಗೆರೆಯಿಂದ, ಬಂದ ಪದ ಅಕ್ಷಿಯಿಂದ ಬಂದಂತೆ ಕೇಳಿಸಿದರೆ ದೋಷ ಪದ ಆರಿಸಿದ ನನ್ನದು.

ಇಲ್ಲಿ ದಿಕ್ಕೇ ಮುಖ್ಯ. ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿಯೊಬ್ಬರು ಗ್ರೀಸ್ ಮೆತ್ತಿದ ಎರಡು ಕೀಲುಗಳನ್ನು ನನ್ನ ಅಂಗೈಗೆ ಹಾಕಿ ತೋರಿಸಿದರು. ಒಂದರಲ್ಲಿ ಗುಂಡಿನ ಕಡ್ಡಿ ಸರಳಿನ ನೇರಕ್ಕೇ ಹೊರಬರುತ್ತದೆ, ಇನ್ನೊಂದರಲ್ಲಿ ಸರಳಿಗೆ ಅಡ್ಡವಾಗಿ. ಅವರ ಬಾಯಲ್ಲಿ ‘ನೆಟ್ಟಗಿರೋದು’, ‘ಅಡ್ಡ ಇರೋದು’, ಅಷ್ಟೆ. ಕಾರಿನ ಸ್ಟೇರಿಂಗಿನಲ್ಲಿ ಎರಡೂ ಒಂದೇ ಸರಳಿನಲ್ಲಿ ಸಿಗುತ್ತವೆ: ಒಳಗಿನ ರ‍್ಯಾಕ್ ಎಂಡ್ ನೆಟ್ಟಗಿನದು, ಚಕ್ರದ ಕಡೆಯ ಟೈ ರಾಡ್ ಎಂಡ್ ಅಡ್ಡದ್ದು. ನೆಟ್ಟಗಿನದರಲ್ಲಿ ತಳ್ಳು-ಎಳೆತ ಒಂದೇ ಗೆರೆಯಲ್ಲಿ ಹೋಗುವುದರಿಂದ ಕಡ್ಡಿ ಬಾಗುವ ಭಯ ಕಡಿಮೆ. ಆದರೆ ಎಳೆದಾಗ ಭಾರವೆಲ್ಲ ಗುಂಡನ್ನು ಹಿಡಿದಿರುವ ಗುಳಿಯ ಬಾಯಂಚಿನ ಮೇಲೆ ಬೀಳುತ್ತದೆ. ಅಂಚು ಸವೆದರೆ ಗುಂಡು ಕಳಚಿಕೊಳ್ಳಬಹುದು. ಕಡ್ಡಿ ಓಲಾಡುವ ಕೋನಕ್ಕೂ ಆ ಬಾಯಿಯೇ ಮಿತಿ. ಲಿವರ್ ದೊಡ್ಡ ಕಮಾನಿನಲ್ಲಿ ತಿರುಗುವ ಕಡೆ ಅಡ್ಡದ್ದೇ ಸರಿ. ಅಡ್ಡದ್ದಕ್ಕೆ ಜರ್ಮನ್ ಮಾನಕ ಡಿಐಎನ್ 71802 ಇದೆ, ಅದರಲ್ಲಿ ಎಂ 8 (8 ಮಿ.ಮೀ.) ಥ್ರೆಡ್ಡಿಗೆ 13 ಮಿ.ಮೀ. ಗುಂಡು. ಮಲೆನಾಡಿನ ಮಳೆಗೆ ರಬ್ಬರ್ ಬೂಟು, ಅಂದರೆ ಕೀಲಿನ ಬಾಯಿಗೆ ನೀರು ಹೋಗದಂತೆ ಮುಚ್ಚುವ ರಬ್ಬರ್ ಹೊದಿಕೆ, ಇಲ್ಲದ್ದನ್ನು ಕೊಳ್ಳಲೇಬಾರದು ಎಂದೂ ಕೈಪಿಡಿಯಲ್ಲಿ ಬರೆದಿದ್ದೇನೆ.

ಈಗ ಪದಕ್ಕೆ ಬರುತ್ತೇನೆ. ಅಕ್ಷಕ್ಕೆ ತದ್ಭವ ‘ಅಚ್ಚು’ ಇದೆ, ಗಾಡಿಯ ಅಚ್ಚು ಎಲ್ಲರಿಗೂ ಗೊತ್ತು. ಆದರೆ ಶಿವಮೊಗ್ಗ ಫೌಂಡ್ರಿಗಳ ಊರು. ಇಲ್ಲಿ ‘ಅಚ್ಚುಗೀಲು’ ಎಂದರೆ ಅಚ್ಚಿನಲ್ಲಿ ಎರಕ ಹೊಯ್ದ ಕೀಲು ಎಂದುಕೊಂಡಾರು. ‘ಗೋಳ’ ಶಾಲೆಯ ಪಾಠದ ಮಾತು. ‘ಬಿಜಾಗರಿ’ ಒಂದೇ ಸಮತಲದಲ್ಲಿ ಆಡುವಂಥದ್ದು, ಅದು ಹೊಂದುವುದೇ ಇಲ್ಲ.

ಮೇಸ್ತ್ರಿ ಗುಂಡನ್ನು ಅದರ ಗುಳಿಯಲ್ಲಿ ಬೆರಳಿನಿಂದ ತಿರುವುತ್ತಿದ್ದಾಗ ನನಗೆ ಕಂಡದ್ದು ಅಡುಗೆಮನೆಯ ಒರಳು. ಒರಳಿನ ಗುಳಿಯಲ್ಲಿ ಗುಂಡುಕಲ್ಲು ಎಲ್ಲ ದಿಕ್ಕಿಗೂ ವಾಲುತ್ತ ತಿರುಗುತ್ತದಲ್ಲ, ಹಾಗೆಯೇ. ಬಂಡಿಯ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ‘ಕಡೆಗೀಲು’ ವಚನಗಳಲ್ಲೇ ಇದೆ. ಅದೇ ಜಾಡಿನಲ್ಲಿ ‘ಒರಳುಗೀಲು’ ಎನ್ನಬಹುದೇ? ಆಗ ಆಕ್ಸಿಯಲ್‌ಗೆ ‘ನೇರ ಒರಳುಗೀಲು’, ಇನ್ನೊಂದಕ್ಕೆ ‘ಅಡ್ಡ ಒರಳುಗೀಲು’. ಒಂದು ಕೊರತೆ ಇದೆ: ಒರಳಿನ ಗುಂಡನ್ನು ಎತ್ತಿ ಆಚೆ ಇಡಬಹುದು, ಕೀಲಿನ ಗುಂಡನ್ನು ಬಾಯಂಚು ಬಿಡುವುದಿಲ್ಲ. ಆದರೂ ‘ಅಕ್ಷೀಯ’ಕ್ಕಿಂತ ಇದು ಬೆಳೆಗಾರರಿಗೆ ಹತ್ತಿರ ಅನಿಸುತ್ತದೆ.

ಇನ್ನೊಂದು ಪ್ರಶ್ನೆ. ಮಲೆನಾಡಿನ ಹಳೇ ಮನೆಗಳಲ್ಲಿ ಬಾಗಿಲಿಗೆ ಬಿಜಾಗರಿ ಬದಲು ಕೆಳಗೊಂದು ಮೊಳೆಯಂಥ ತುದಿ ಇದ್ದು, ಹೊಸ್ತಿಲ ಮೂಲೆಯ ಗುಳಿಯಲ್ಲಿ ಕೂತು ತಿರುಗುತ್ತದೆ. ‘ತಿರುಗಣಿ’ ಎಂದು ಕೇಳಿದ್ದೇನೆ. ಆ ಹೆಸರು ತುದಿಗೋ, ಗುಳಿಗೋ? ಸಾಗರ, ಹೊಸನಗರ, ಕೊಪ್ಪದ ಕಡೆಯವರು, ಅದರಲ್ಲೂ ಬಡಗಿ ಮನೆತನದವರು, ಗುಳಿಗೆ ಬೇರೆ ಹೆಸರಿದ್ದರೆ ತಿಳಿಸಿ. ಅದು ಸಿಕ್ಕರೆ ಒರಳನ್ನು ಬಿಟ್ಟು ಅದನ್ನೇ ಕೈಪಿಡಿಗೆ ಹಾಕುತ್ತೇನೆ.