ಪದಚರ್ಚೆ: ‘ಅಳಿವಿನಂಚಿನ ಹಾರುವ ನರಿ’ ಸರಿಯೇ?

ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಆಡಳಿತದಲ್ಲಿರುವ ಗುವಾಮ್ ದ್ವೀಪದ ಎರಡು ಜೀವಿಗಳನ್ನು ಹೋಲಿಸುವ ಫಲಕವೊಂದನ್ನು ಅನುವಾದಿಸುತ್ತಿದ್ದೇನೆ. ಒಂದು, ಅಲ್ಲಿ ಈಗ ಜಾಸ್ತಿ ಕಾಣುವ ಕಾಜಾಣ. ಇನ್ನೊಂದು, ಅಲ್ಲಿದ್ದು ಈಗ ಇಲ್ಲವಾದ ಪುಟ್ಟ ಹಣ್ಣುಬಾವಲಿ. ‘ಸಾಮಾನ್ಯ ಹಾಡುಹಕ್ಕಿ’, ‘ಅಳಿವಿನಂಚಿನ ಹಾರುವ ನರಿ’ ಎಂದು ಬರೆದಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ದಯವಿಟ್ಟು ನೋಡಿ.

ಮರು:
ಎರಡೂ ತಪ್ಪು. ‘ಅಳಿವಿನಂಚು’ ಅಂದರೆ ಇನ್ನೂ ಉಳಿದಿದೆ ಅಂತ. ಈ ಬಾವಲಿ 1960ರ ದಶಕದ ಕೊನೆಯಿಂದೀಚೆ ಯಾರ ಕಣ್ಣಿಗೂ ಬಿದ್ದಿಲ್ಲ. ಕಾಯಲು ಒಂದೂ ಉಳಿದಿಲ್ಲವೆಂದು 2023ರಲ್ಲಿ ಅಮೆರಿಕ ರಕ್ಷಿತ ಜೀವಿಗಳ ಪಟ್ಟಿಯಿಂದಲೇ ಅದನ್ನು ತೆಗೆಯಿತು. ‘ಅಳಿದುಹೋದ’ ಎಂದು ಬರೆಯಿರಿ.

‘ಹಾರುವ ನರಿ’ ಬೇಡವೇ ಬೇಡ. ಅದು ಇಂಗ್ಲಿಷ್ ಹೆಸರಿನ ಪಡಿಯಚ್ಚು. ಬಾವಲಿ ನಮ್ಮದೇ ಪದ. ತಮಿಳಿನ ವಾವಲ್ ನಮ್ಮಲ್ಲಿ ಬಾವಲಿ. ವೇರ್–ಬೇರು, ವಿರಲ್–ಬೆರಳು ಇದ್ದ ಹಾಗೆ. ಬೆರಳು ಅಂದಾಗ ನೆನಪಾಯಿತು: ಬಾವಲಿಯ ರೆಕ್ಕೆ ಅಂದರೆ ಉದ್ದುದ್ದ ಬೆರಳುಗಳ ನಡುವೆ ಹರಡಿದ ತೊಗಲು. ಕಾಜಾಣದ್ದು ಗರಿ. ಫಲಕದಲ್ಲಿ ಎರಡಕ್ಕೂ ‘ರೆಕ್ಕೆ’ ಎಂದಿದ್ದರೆ ಸರಿ, ‘ಗರಿ’ ಎಂದಿದ್ದರೆ ತಿದ್ದಿ.

‘ಸಾಮಾನ್ಯ’ ಎಂದರೆ ಕಾಜಾಣ ಏನೋ ಸಾಧಾರಣ ಹಕ್ಕಿ ಅನ್ನಿಸುತ್ತದೆ. ‘ಎಲ್ಲೆಡೆ ಕಾಣುವ’ ಸಾಕು.

ಮರು:
‘ಲುಪ್ತ’ ಎಂಬ ಚಿಕ್ಕ ಪದ ಇರುವಾಗ ‘ಅಳಿದುಹೋದ’ ಎಂದು ಯಾಕೆ ಎಳೆಯಬೇಕು? ಬಾವಲಿಗೂ ಅಲ್ಲಿನ ಚಮೊರೊ ಜನ ಹೇಳುವ ‘ಫನಿಹಿ’ಯನ್ನೇ ತೆಗೆದುಕೊಳ್ಳಬಹುದಲ್ವಾ? ಎರವಲು ಅಂದರೆ ಅಷ್ಟು ಭಯವೇ?

ಮರು:
‘ಲುಪ್ತ’ ಸಂಧಿಯ ಪಾಠಕ್ಕಿರಲಿ. ಜಾಗ ಸಾಲದಿದ್ದರೆ ‘ಅಳಿದ’, ಮೂರೇ ಅಕ್ಷರ. ‘ಫನಿಹಿ’ ಆಗುವುದಿಲ್ಲ. ಅಲ್ಲಿ ಇನ್ನೂ ಬದುಕಿರುವ ಬೇರೊಂದು ಹಣ್ಣುಬಾವಲಿಯನ್ನೂ ಹಾಗೇ ಕರೆಯುತ್ತಾರೆ.

ಎರವಲಿನ ಮಾತು ನೀವೇ ತೆಗೆದಿರಿ, ಕೇಳಿ. ಕಾಜಾಣ ಗುವಾಮಿನ ಮೂಲ ಹಕ್ಕಿಯಲ್ಲ. 1935ರಲ್ಲಿ ಜಪಾನಿನವರು ಅದನ್ನು ತೈವಾನಿನಿಂದ ಪಕ್ಕದ ರೋಟಾ ದ್ವೀಪಕ್ಕೆ ತಂದು ಬಿಟ್ಟರು. ಅಲ್ಲಿಂದ ಗುವಾಮಿಗೆ ಬಂತು. ಚಮೊರೊ ಜನರಲ್ಲಿ ಆಗಲೇ ‘ಸಾಲಿ’ ಎಂಬ ಹೆಸರಿತ್ತು, ಮೈನಾ ಬಳಗದ ತಮ್ಮದೇ ಕಪ್ಪು ಹಕ್ಕಿಗೆ. ಹೊಸದನ್ನು ‘ತೈವಾನಿನ ಸಾಲಿ’ ಎಂದರು. ತಮ್ಮ ಪದ ಕೈಯಲ್ಲಿರುವಾಗ ಜನ ಮಾಡುವುದು ಹೀಗೆ. ನಮ್ಮ ಕೈಯಲ್ಲಿ ಬಾವಲಿ ಇದೆ.

ಮರು:
ಇಬ್ಬರಿಗೂ ಧನ್ಯವಾದ. ‘ಎಲ್ಲೆಡೆ ಕಾಣುವ ಕಾಜಾಣ, ಅಳಿದ ಹಣ್ಣುಬಾವಲಿ’ ಎಂದೇ ಕಳಿಸುತ್ತಿದ್ದೇನೆ. ಬಾವಲಿಯ ಚಿತ್ರದ ಕೆಳಗೆ ‘ಗರಿ’ ಎಂದೇ ಇತ್ತು. ತಿದ್ದಿದೆ.